ಎರಡೇ ಎಲೆಯ ಗಿಡ ಮತ್ತು ನನ್ನ ಅರ್ಧ ಅಂಕ

(ಸುವರ್ಣ ಮಹೋತ್ಸವದ ಎರಡನೇ ದಿನ ‘ಹಳೆಯ ವಿದ್ಯಾರ್ಥಿಗಳೊಂದಿಗೆ ಒಂದು ಬೆಳಗು’ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು ಬಿ.ಇ. ಪದವೀಧರರು, ಸಾಫ್ಟ್‌ವೇರ್ ಇಂಜಿನಿಯರ್; 2004ರ ಎಸ್ಸೆಸ್ಸೆಲ್ಸಿ ತಂಡದವರು.)



ಸಾಫ್ಟ್‌ವೇರ್ ಕೆಲಸದ ಬಗ್ಗೆ, ಅದಕ್ಕೆ ಹೇಗೆ ತಯಾರಾಗಬೇಕು ಅನ್ನುವುದರ ಬಗ್ಗೆ ಮಾತನಾಡಬೇಕೆಂದು ಸಮಿತಿಯವರು ಕೇಳಿದ್ದರು. ಒಪ್ಪಿಕೊಂಡು ಬಂದೆ. ಆದರೆ ನಿನ್ನೆ ಸಂಜೆ ಶಾಲೆಯ ಒಳಗೆ ಕಾಲಿಟ್ಟಾಗ, ಒಂಬತ್ತನೇ ತರಗತಿಯ ಆ ಮೂಲೆಯ ಕೋಣೆ ನೋಡಿ ವಿಷಯ ಬದಲಾಯಿಸಿದೆ. ಸಮಿತಿಯವರು ಕ್ಷಮಿಸಬೇಕು. ಕಂಪ್ಯೂಟರ್ ಬಗ್ಗೆ ಹೇಳಲು ನನ್ನ ತಂಡದವರೇ ಇನ್ನೂ ಮೂವರಿದ್ದಾರೆ. ನನ್ನ ಮೇಲೆ ಒಂದು ಹಳೆಯ ಸಾಲ ಇದೆ, ಅದನ್ನು ತೀರಿಸಿಬಿಡುತ್ತೇನೆ.

ಒಂಬತ್ತನೇ ತರಗತಿಯಲ್ಲಿ ವಿಜ್ಞಾನದ ಕಿರುಪರೀಕ್ಷೆಯಲ್ಲಿ ಎರಡು ಅಂಕದ ಒಂದು ಪ್ರಶ್ನೆ ಇತ್ತು. ಮರುಭೂಮಿ ಸಸ್ಯಗಳ ಹೊಂದಾಣಿಕೆಗಳನ್ನು ಬರೆಯಿರಿ. ಇದು ನಿಮಗೂ ಬಾಯಿಪಾಠ ಇರುತ್ತದೆ. ನಾನೂ ಬರೆದೆ. ಎಲೆಗಳು ಚಿಕ್ಕದಾಗಿರುತ್ತವೆ ಅಥವಾ ಮುಳ್ಳುಗಳಾಗಿ ಮಾರ್ಪಟ್ಟಿರುತ್ತವೆ, ಕಾಂಡ ದಪ್ಪಗಿದ್ದು ನೀರು ಸಂಗ್ರಹಿಸುತ್ತದೆ, ಬೇರು ಆಳಕ್ಕೆ ಇಳಿಯುತ್ತದೆ, ಮೇಣದಂಥ ಪದರ ಇರುತ್ತದೆ. ಪುಸ್ತಕದಲ್ಲಿದ್ದದ್ದು ಒಂದಕ್ಷರ ಬಿಡದೆ ಬರೆದಿದ್ದೆ. ಉತ್ತರ ಪತ್ರಿಕೆ ಕೈಗೆ ಬಂದಾಗ ಒಂದೂವರೆ ಅಂಕ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಪದ: ‘ಯಾವ ಮರುಭೂಮಿ?’

ಅರ್ಧ ಅಂಕಕ್ಕೆ ನಾನು ಜಗಳಕ್ಕೇ ಹೋದೆ. ಆಗ ನಮ್ಮ ಮೇಷ್ಟ್ರು ಹೇಳಿದ್ದು ಇಷ್ಟು. “ನೀನು ಬರೆದಿರೋದು ತಪ್ಪಲ್ಲ ಕಣೋ. ಆದರೆ ಮರುಭೂಮಿ ಅಂದ್ರೆ ಒಂದೇನಾ? ಆಫ್ರಿಕಾದ ಒಂದು ಮರುಭೂಮಿಯಲ್ಲಿ ಒಂದು ಗಿಡ ಇದೆಯಂತೆ. ಮುಳ್ಳಿಲ್ಲ. ಆಳುದ್ದದ ಎಲೆ. ಅದೂ ಎರಡೇ ಎಲೆ, ಸಾಯೋವರೆಗೂ. ಅದು ಹೆಂಗೆ ಬದುಕಿದೆ ಅಂತ ಹುಡುಕಿ ತಾ, ಅರ್ಧ ಅಂಕ ಕೊಡ್ತೀನಿ.”

ಎಲ್ಲಿ ಹುಡುಕುವುದು? ನಮ್ಮ ಲೈಬ್ರರಿ ಎಂದರೆ ಮುಖ್ಯೋಪಾಧ್ಯಾಯರ ಕೋಣೆಯ ಒಂದು ಬೀರು. ಇಂಟರ್ನೆಟ್ ಅನ್ನುವ ಪದ ಕೇಳಿದ್ದೆವು, ಕಂಡಿರಲಿಲ್ಲ. ಒಂದು ವಾರ ಹುಡುಕಿದೆ, ಆಮೇಲೆ ಮರೆತೆ. ಪಿಯುಸಿ, ಸಿಇಟಿ, ಇಂಜಿನಿಯರಿಂಗ್, ಬೆಂಗಳೂರು. ಹದಿನೈದು ವರ್ಷ ಆ ಗಿಡ ನೆನಪಿಗೇ ಬರಲಿಲ್ಲ.

2018ರಲ್ಲಿ ಕೆಲಸದ ಮೇಲೆ ಎರಡು ತಿಂಗಳು ನಮೀಬಿಯಾ ದೇಶದ ರಾಜಧಾನಿ ವಿಂಡ್‌ಹುಕ್‌ಗೆ ಹೋಗಬೇಕಾಯಿತು. ಅಲ್ಲಿಯ ಒಂದು ಸರ್ಕಾರಿ ಕಚೇರಿಯ ಗೋಡೆಯ ಮೇಲೆ ಆ ದೇಶದ ಲಾಂಛನ ನೋಡಿದೆ. ನಮ್ಮ ಲಾಂಛನದಲ್ಲಿ ಸಿಂಹಗಳಿರುವಂತೆ ಅಲ್ಲಿ ಹದ್ದು, ಎರಡು ಓರಿಕ್ಸ್ ಜಿಂಕೆಗಳು. ಅವುಗಳ ಕೆಳಗೆ ನೆಲದ ಮೇಲೆ ಒಂದು ವಿಚಿತ್ರ ಗಿಡ, ಎರಡೂ ಕಡೆಗೆ ಎಲೆ ಚಾಚಿಕೊಂಡು ಕೂತಿದೆ. ಇದೇನು ಎಂದು ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಲ್ಲಿಯ ಗೆಳೆಯರನ್ನು ಕೇಳಿದೆ. “ವೆಲ್‌ವಿಟ್ಷಿಯಾ. ಎರಡೇ ಎಲೆ ಬಿಡುವ ಗಿಡ” ಎಂದರು. ನನಗೆ ಆ ಕಚೇರಿಯಲ್ಲೇ ಕೆಂಪು ಶಾಯಿ ಕಂಡಿತು. ಮುಂದಿನ ಶನಿವಾರವೇ ಅವರ ಗಾಡಿಯಲ್ಲಿ ಹೊರಟೆವು.

ಹೋಗುವ ಮೊದಲು ನಕ್ಷೆ ನೋಡೋಣ. ಆಫ್ರಿಕಾ ಖಂಡದ ನೈಋತ್ಯ ಮೂಲೆ. ಅಟ್ಲಾಂಟಿಕ್ ಸಾಗರದ ದಡಕ್ಕೆ ಅಂಟಿಕೊಂಡು ಉದ್ದಕ್ಕೆ ಒಂದು ಪಟ್ಟಿಯ ಹಾಗೆ ಹಬ್ಬಿರುವುದು ನಮೀಬ್ ಮರುಭೂಮಿ. ಪ್ರಪಂಚದ ಅತ್ಯಂತ ಹಳೆಯ ಮರುಭೂಮಿಗಳಲ್ಲಿ ಒಂದು. ಈ ಗಿಡ ಇರುವುದು ಇಡೀ ಪ್ರಪಂಚದಲ್ಲಿ ಇಲ್ಲಿ ಮಾತ್ರ. ಇಲ್ಲಿಯೂ ಎಲ್ಲ ಕಡೆ ಇಲ್ಲ. ದಕ್ಷಿಣದಲ್ಲಿ ನಮೀಬಿಯಾದ ಕುಯಿಸೆಬ್ ನದಿಯಿಂದ ಉತ್ತರದಲ್ಲಿ ಅಂಗೋಲಾ ದೇಶದ ಬೆಂಟಿಯಾಬಾ ನದಿಯವರೆಗೆ ಸುಮಾರು ಸಾವಿರ ಕಿಲೋಮೀಟರ್ ಉದ್ದ. ಅಗಲ ನೋಡಿದರೆ ಕಡಲಿನಿಂದ ಹೆಚ್ಚೆಂದರೆ ನೂರು ನೂರೈವತ್ತು ಕಿಲೋಮೀಟರ್ ಒಳಗೆ. ಈ ಪಟ್ಟಿಯಲ್ಲೂ ಇಲ್ಲಿ ಒಂದು ಗುಂಪು, ಅಲ್ಲಿ ಒಂದು ಗುಂಪು, ನಡುವೆ ಮೈಲಿಗಟ್ಟಲೆ ಏನೂ ಇಲ್ಲ.

ಮರುಭೂಮಿ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಮರಳಿನ ದಿಬ್ಬ, ಒಂಟೆ ಬರುತ್ತದೆ ಅಲ್ಲವೇ? ಕುಯಿಸೆಬ್ ನದಿಯ ದಕ್ಷಿಣಕ್ಕೆ ನಿಜವಾಗಿಯೂ ಹಾಗಿದೆ, ಬೆಟ್ಟದಷ್ಟು ಎತ್ತರದ ಮರಳ ದಿಬ್ಬಗಳು. ಆ ಮರಳಿನಲ್ಲಿ ಈ ಗಿಡ ಒಂದೂ ಇಲ್ಲ. ನದಿಯ ಉತ್ತರಕ್ಕೆ ಮರಳು ಮುಗಿದು ಜಲ್ಲಿಕಲ್ಲಿನ ಬಯಲು ಶುರುವಾಗುತ್ತದೆ, ಗಿಡವೂ ಶುರುವಾಗುತ್ತದೆ. ನಮ್ಮ ಚಿತ್ರದುರ್ಗ ಸೀಮೆಯವರಿಗೆ ಅರ್ಥವಾಗುವ ಹಾಗೆ ಹೇಳಬೇಕೆಂದರೆ, ಹುಲ್ಲೆಲ್ಲ ಒಣಗಿಹೋದ ಮೇಲೆ ಬರೀ ನೊರಜುಗಲ್ಲು ಉಳಿದ ಕಾವಲು ಇರುತ್ತದಲ್ಲ, ಆ ಥರ. ಇನ್ನೂ ಉತ್ತರಕ್ಕೆ ಹೋದರೆ ಮೊಪಾನೆ ಎಂಬ ಮರಗಳ ನಡುವೆ, ಕಲ್ಲುಗುಡ್ಡದ ಇಳಿಜಾರಿನಲ್ಲೂ ಬೆಳೆಯುತ್ತದಂತೆ.

ವಿಂಡ್‌ಹುಕ್‌ನಿಂದ ಕಡಲ ದಡದ ಸ್ವಾಕೊಪ್‌ಮುಂಡ್ ಎಂಬ ಊರಿಗೆ ಸುಮಾರು ಮುನ್ನೂರ ಅರವತ್ತು ಕಿಲೋಮೀಟರ್. ಇಳಿಯುತ್ತಾ ಹೋದ ಹಾಗೆ ಮರಗಳು ಕುರುಚಲಾದವು, ಕುರುಚಲು ಹುಲ್ಲಾಯಿತು, ಹುಲ್ಲೂ ನಿಂತಿತು. ಬಿಸಿಲು ಚುರುಗುಟ್ಟುತ್ತಿತ್ತು. ರಾತ್ರಿ ಊರು ಸೇರಿ ಮಲಗಿ ಬೆಳಿಗ್ಗೆ ಎದ್ದು ನೋಡಿದರೆ ಕಿಟಕಿಯ ಆಚೆ ಏನೂ ಕಾಣುವುದಿಲ್ಲ. ಅಷ್ಟು ಮಂಜು! ಸ್ವೆಟರ್ ತಂದಿರಲಿಲ್ಲ, ಚಳಿಯಲ್ಲಿ ನಡುಗಿದೆ. ಗಾಡಿಯ ಗಾಜು ಒರೆಸಲು ವೈಪರ್ ಹಾಕಿಕೊಂಡು ಮರುಭೂಮಿಯೊಳಗೆ ಹೋದವನು ನಾನು ಎಂದರೆ ಬೆಂಗಳೂರಿನಲ್ಲಿ ಯಾರೂ ನಂಬುವುದಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಮೇಷ್ಟ್ರ ಪ್ರಶ್ನೆಗೆ ಉತ್ತರ ಈ ಮಂಜಿನ ಹತ್ತಿರ ಇದೆ. ಕಡಲು ಪಕ್ಕದಲ್ಲೇ ಇದೆ, ಆದರೂ ಸ್ವಾಕೊಪ್‌ಮುಂಡ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಇಪ್ಪತ್ತು ಮಿಲಿಮೀಟರಿಗಿಂತ ಕಡಿಮೆ. ಬರದ ನಾಡು ಎಂದು ಹೆಸರಾದ ನಮ್ಮ ತಾಲ್ಲೂಕಿನಲ್ಲಿ ಐನೂರು ಮಿಲಿಮೀಟರಿನ ಆಚೀಚೆ ಬೀಳುತ್ತದೆ. ನಮ್ಮಲ್ಲಿ ಒಂದು ಸಂಜೆ ಗುಡುಗಿ ಬೀಳುವ ಮಳೆ ಅವರಿಗೆ ಒಂದು ವರ್ಷದ್ದು. ಕಡಲಿದ್ದೂ ಮಳೆ ಏಕಿಲ್ಲ?

ನಮ್ಮ ಅರಬ್ಬಿ ಸಮುದ್ರ ಬೆಚ್ಚಗಿನದು. ಅದರ ಮೇಲೆ ಬೀಸುವ ಮುಂಗಾರು ಗಾಳಿ ನೀರಾವಿ ತುಂಬಿಕೊಂಡು ಬಂದು ಘಟ್ಟಕ್ಕೆ ಡಿಕ್ಕಿ ಹೊಡೆದು ಮೇಲೇರಿ ಮಳೆ ಸುರಿಸುತ್ತದೆ. ನಮೀಬಿಯಾದ ಕಡಲು ತಣ್ಣಗಿನದು. ಬೆಂಗೆಲಾ ಎಂಬ ಶೀತ ಪ್ರವಾಹ ದಕ್ಷಿಣದಿಂದ ಉತ್ತರಕ್ಕೆ ಆ ದಡದುದ್ದಕ್ಕೂ ಹರಿಯುತ್ತದೆ. ಆಳದ ತಣ್ಣೀರೂ ಮೇಲೆದ್ದು ಬರುತ್ತದೆ. ಅದರ ಮೇಲಿನ ಗಾಳಿ ತಣ್ಣಗಾಗಿ ಭಾರವಾಗಿ ಕೆಳಗೇ ಕೂರುತ್ತದೆ, ಮೇಲೇರುವುದಿಲ್ಲ. ಮೇಲೇರದಿದ್ದರೆ ಮಳೆಮೋಡ ಕಟ್ಟುವುದಿಲ್ಲ. ಆದರೆ ಅದರಲ್ಲಿರುವ ತೇವ ಹನಿಗಟ್ಟಿ ಮಂಜಾಗುತ್ತದೆ. ರಾತ್ರಿ ಮತ್ತು ಬೆಳಗಿನ ಜಾವ ಆ ಮಂಜು ದಡ ದಾಟಿ ಹತ್ತಾರು ಕಿಲೋಮೀಟರ್ ಒಳನಾಡಿಗೆ ತೆವಳಿ ಬರುತ್ತದೆ. ದಡದಲ್ಲಿ ವರ್ಷಕ್ಕೆ ನೂರಕ್ಕೂ ಹೆಚ್ಚು ದಿನ ಮಂಜು. ಅಂದರೆ ಆ ನಾಡನ್ನು ಮರುಭೂಮಿ ಮಾಡಿದ್ದೂ ಆ ಕಡಲೇ, ಬದುಕುವಷ್ಟು ತೇವ ಕೊಡುವುದೂ ಆ ಕಡಲೇ. ನಮ್ಮ ರಾಜಸ್ಥಾನದ ಥಾರ್ ಮರುಭೂಮಿಯ ಲೆಕ್ಕವೇ ಬೇರೆ, ಅಲ್ಲಿ ಮುಂಗಾರಿನ ಬಾಲ ಬಂದು ತಟ್ಟುತ್ತದೆ. ಯಾವ ಮರುಭೂಮಿ ಎಂದು ಮೇಷ್ಟ್ರು ಕೇಳಿದ್ದು ಇದಕ್ಕೇ ಎಂದು ಆ ವೈಪರ್ ಆಡುತ್ತಿದ್ದಾಗ ನನಗೆ ಹೊಳೆಯಿತು.

ಪರವಾನಗಿ ಚೀಟಿ ಇಟ್ಟುಕೊಂಡು ಬಯಲಿಗೆ ಹೋದೆವು. ಅದು ನಮೀಬ್‌-ನೌಕ್ಲುಫ್ಟ್ ರಾಷ್ಟ್ರೀಯ ಉದ್ಯಾನದ ಒಳಗಿದೆ. ಮಣ್ಣಿನ ದಾರಿಯ ಪಕ್ಕದಲ್ಲಿ ಕಪ್ಪು ಕಲ್ಲುಗಳ ಮೇಲೆ ಒಣಗಿದ ಹೊಟ್ಟಿನಂತೆ ಏನೋ ಅಂಟಿಕೊಂಡಿತ್ತು. ಗೆಳೆಯರು ಬಾಟಲಿಯಿಂದ ನಾಲ್ಕು ಹನಿ ನೀರು ಹಾಕಿದರು. ನಾವು ನೋಡುತ್ತಿದ್ದಂತೆಯೇ ಅದು ಮೆಲ್ಲಗೆ ಬಿಚ್ಚಿಕೊಂಡು ಬಣ್ಣ ತಿರುಗಿತು. ಕಲ್ಲುಹೂವು. ಬಿಸಿಬೇಳೆಬಾತಿನ ಪುಡಿಗೆ ಹಾಕುತ್ತಾರಲ್ಲ, ಅದರ ನೆಂಟ. ಅದೂ ಮಂಜಿನ ಮೇಲೇ ಬದುಕಿರುವುದು.

ಇನ್ನೊಂದು ಕಡೆ ನಿಲ್ಲಿಸಿ ನೆಲ ತೋರಿಸಿದರು. ಎರಡು ಸಮಾನಾಂತರ ಗೆರೆಗಳು ದೂರದವರೆಗೆ ಹೋಗಿದ್ದವು. ಎತ್ತಿನ ಗಾಡಿಯ ಗಾಲಿ ಗುರುತು. ರೈಲು, ಲಾರಿ ಬರುವ ಮೊದಲು ಸಾಮಾನು ಸಾಗಿಸುತ್ತಿದ್ದ ಕಾಲದ್ದು. ನೂರು ವರ್ಷದ ಮೇಲಾಗಿದೆ, ಅಳಿಸಿಲ್ಲ. ಅಳಿಸಲು ಅಲ್ಲಿ ಮಳೆಯಿಲ್ಲ, ಮುಚ್ಚಲು ಹುಲ್ಲಿಲ್ಲ. ನಮ್ಮೂರಿನ ಗಾಡಿ ಜಾಡು ಒಂದು ಮಳೆಗಾಲ ತಡೆಯುವುದಿಲ್ಲ.

ಆಮೇಲೆ ಗಿಡ ಕಂಡಿತು. ನಿಜ ಹೇಳುತ್ತೇನೆ, ಮೊದಲ ನೋಟಕ್ಕೆ ನಿರಾಸೆಯಾಯಿತು. ಯಾರೋ ಹಳೆಯ ಟಾರ್ಪಾಲು ಹರಿದು ಗುಡ್ಡೆ ಹಾಕಿ ಹೋದ ಹಾಗಿತ್ತು. ನಡುವೆ ಮೊಣಕಾಲೆತ್ತರದ, ತೊಗಟೆಗಟ್ಟಿದ ಬುಡ, ಮೇಲುಗಡೆ ಬಟ್ಟಲಿನಂತೆ ತಗ್ಗು. ಅದರ ಎರಡು ಅಂಚಿನಿಂದ ಎಲೆ ಹೊರಟು ಸೀಳಿ ಸೀಳಿ ಹತ್ತಾರು ಪಟ್ಟಿಗಳಾಗಿ ನೆಲದ ಮೇಲೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಎಣಿಸಲು ಹೋದರೆ ಇಪ್ಪತ್ತು ಮೂವತ್ತು ಎಲೆ ಎನ್ನಬೇಕು. ಹತ್ತಿರ ಹೋಗಿ ಬುಡ ನೋಡಿದರೆ ತಿಳಿಯುತ್ತದೆ, ಎರಡೇ.

ಹತ್ತಿರ ಹೋಗುವಾಗಲೇ ನಾನು ಮಾಡಬಾರದ್ದು ಮಾಡಿದೆ. ದಾರಿಯ ಅಂಚಿಗೆ ಕಲ್ಲು ಜೋಡಿಸಿದ್ದರು. ಫೋಟೋ ಚೆನ್ನಾಗಿ ಬರಲಿ ಎಂದು ಅದನ್ನು ದಾಟಿ ಗಿಡದ ಪಕ್ಕ ನಿಲ್ಲಲು ಹೊರಟೆ. ನಾಲ್ಕು ಹೆಜ್ಜೆ ಇಟ್ಟಿರಬೇಕು. “ಅಲ್ಲೇ ನಿಲ್ಲಿ!” ಎಂದು ಗೆಳೆಯರು ಕೂಗಿದರು. ಅದುವರೆಗೂ ಅವರು ದನಿ ಎತ್ತಿ ಮಾತನಾಡಿದ್ದನ್ನೇ ನಾನು ಕೇಳಿರಲಿಲ್ಲ. ಅದರ ಬೇರು ನಾವು ಅಂದುಕೊಂಡಂತೆ ಬರೀ ಆಳಕ್ಕೆ ಹೋಗಿಲ್ಲ, ತಾಯಿಬೇರಿನ ಜೊತೆ ಮೇಲ್ಮಣ್ಣಿನಲ್ಲೂ ಸುತ್ತ ಹರಡಿರುತ್ತದೆ, ತುಳಿದರೆ ನೆಲ ಗಟ್ಟಿಯಾಗಿ ಹನಿದ ನೀರು ಒಳಗೆ ಇಳಿಯುವುದಿಲ್ಲ ಎಂದರು. ಬಂದ ಹೆಜ್ಜೆಯ ಮೇಲೆಯೇ ಕಾಲಿಟ್ಟು ಹಿಂದಕ್ಕೆ ಬಂದೆ. ತಿರುಗಿ ನೋಡಿದರೆ ನನ್ನ ಬೂಟಿನ ಗುರುತು ನಾಲ್ಕೂ ಸ್ಪಷ್ಟವಾಗಿ ಮೂಡಿದ್ದವು. ಎತ್ತಿನ ಗಾಡಿಯ ಗುರುತು ನೋಡಿ ಬಂದು ಅರ್ಧ ಗಂಟೆಯೂ ಆಗಿರಲಿಲ್ಲ. ನನ್ನ ಮುಖ ಸಣ್ಣದಾಯಿತು.

ಈಗ ಎಲೆಯ ವಿಚಾರ. ಸಾಮಾನ್ಯವಾಗಿ ಗಿಡ ಬೆಳೆಯುವುದು ತುದಿಯಿಂದ. ಚಿಗುರು ಚಿವುಟಿದರೆ ಆ ತುದಿಯ ಬೆಳವಣಿಗೆ ನಿಲ್ಲುತ್ತದೆ. ಈ ಗಿಡದಲ್ಲಿ ಬೀಜದಳಗಳಾದ ಮೇಲೆ ಎರಡು ಎಲೆ ಬರುತ್ತವೆ, ಅಷ್ಟರಲ್ಲಿ ನಡುವಿನ ಚಿಗುರು ಸತ್ತುಹೋಗುತ್ತದೆ. ಮುಂದೆ ಹೊಸ ಎಲೆ ಬರುವ ಮಾತೇ ಇಲ್ಲ. ಇದ್ದ ಎರಡು ಎಲೆಗಳೇ ಬುಡದಿಂದ ಬೆಳೆಯುತ್ತಾ ಹೋಗುತ್ತವೆ. ಮೊಳಕಾಲ್ಮೂರಿನ ಮಗ್ಗ ನೋಡಿದ್ದೀರಲ್ಲ? ನೇಯ್ದ ಸೀರೆ ಮಗ್ಗದಿಂದ ಇಂಚಿಂಚಾಗಿ ಮುಂದಕ್ಕೆ ಸರಿಯುತ್ತಾ ಹೋಗುತ್ತದೆ, ಹೊಸ ನೇಯ್ಗೆ ಯಾವಾಗಲೂ ನೇಕಾರನ ಹತ್ತಿರ. ಹಾಗೆಯೇ ಇಲ್ಲಿ ಬುಡದ ತೋಡಿನಿಂದ ಹೊಸ ಎಲೆಭಾಗ ಹೊರಬರುತ್ತಲೇ ಇರುತ್ತದೆ, ಹಳೆಯದು ಮುಂದಕ್ಕೆ ಹೋಗಿ ತುದಿಯಲ್ಲಿ ಒಣಗಿ ಗಾಳಿಗೆ ಸವೆದು ಉದುರುತ್ತದೆ. ವರ್ಷಕ್ಕೆ ಹತ್ತರಿಂದ ಹದಿನೈದು ಸೆಂಟಿಮೀಟರಿನ ಆಸುಪಾಸು. ಈ ಮಗ್ಗ ನಿಲ್ಲದೆ ಎಷ್ಟು ವರ್ಷ ನಡೆಯುತ್ತದೆ? ಐನೂರು ಆರುನೂರು ವರ್ಷದ ಗಿಡಗಳು ಅಲ್ಲಿ ಅಪರೂಪವಲ್ಲ. ಸಾವಿರ ದಾಟಿದ್ದು, ಎರಡು ಸಾವಿರದ ಹತ್ತಿರ ಇರಬಹುದಾದದ್ದೂ ಇದೆ ಎಂದು ಅಂದಾಜು. ಮದಕರಿ ನಾಯಕರ ಕೋಟೆ ಕಟ್ಟುವ ಮೊದಲೇ ಬಿಟ್ಟ ಎಲೆ ಇಂದೂ ಅದೇ ಎಲೆ.

ನನ್ನ ಉತ್ತರ ಪತ್ರಿಕೆಗೆ ಬರೋಣ. ಎಲೆ ಚಿಕ್ಕದಿದ್ದರೆ ತಾನೇ ಬಾಷ್ಪವಿಸರ್ಜನೆ ಕಡಿಮೆ? ಇಷ್ಟು ದೊಡ್ಡ ಎಲೆ, ಎರಡೂ ಬದಿಯಲ್ಲಿ ಪತ್ರರಂಧ್ರಗಳು, ಅದು ಹೇಗೆ ಬದುಕಿತು? ಒಂದಿಷ್ಟು ಉತ್ತರ ಎಲೆಯಲ್ಲಿದೆ. ಚರ್ಮದಂಥ ದಪ್ಪ ಮೇಲ್ಪದರ, ಅದರಲ್ಲಿ ಸಣ್ಣ ಹರಳುಗಳು, ಬಿಸಿಲಿನ ಒಂದು ಪಾಲನ್ನು ಹಿಂದಕ್ಕೆ ಎಸೆಯುತ್ತವೆ. ಉರಿಬಿಸಿಲಲ್ಲಿ ರಂಧ್ರಗಳು ಮುಚ್ಚಿಕೊಳ್ಳುತ್ತವೆ. ಎಲೆ ತನ್ನ ಬುಡಕ್ಕೆ ತಾನೇ ಚಪ್ಪರ ಹಾಕಿ ಮಣ್ಣು ತಂಪಾಗಿಡುತ್ತದೆ. ಬರ ಬಂದರೆ ತುದಿ ಹೆಚ್ಚು ಒಣಗಿ ಎಲೆ ಗಿಡ್ಡವಾಗುತ್ತದೆ, ಖರ್ಚು ತಾನಾಗಿ ಕಡಿಮೆಯಾಗುತ್ತದೆ.

ಮಿಕ್ಕ ಉತ್ತರ ಇರುವುದು ಗಿಡದಲ್ಲಲ್ಲ, ಅದು ಕೂತ ಜಾಗದಲ್ಲಿ. ಎಲೆಗಳೇ ಮಂಜನ್ನು ನೇರವಾಗಿ ಕುಡಿಯುತ್ತವೆ ಎಂದು ಹಿಂದೆ ಪುಸ್ತಕಗಳಲ್ಲಿ ಬರೆಯುತ್ತಿದ್ದರು. ಅದನ್ನು ಅಳೆದು ನೋಡಿದ ವಿಜ್ಞಾನಿಗಳಲ್ಲಿ ಹಲವರು ಒಪ್ಪುವುದಿಲ್ಲ. ಎಲೆಯ ಮೇಲೆ ಹನಿಗಟ್ಟಿದ ಮಂಜು ತೊಟ್ಟಿಕ್ಕಿ ಮಣ್ಣಿಗೆ ಬೀಳುತ್ತದೆ, ಮೇಲ್ಬೇರು ಹೀರುತ್ತದೆ. ಅದಕ್ಕಿಂತ ಮುಖ್ಯವಾಗಿ, ಬೆಟ್ಟದ ಮೇಲೆ ನಿಂತು ಆ ಬಯಲು ನೋಡಿದರೆ ಗಿಡಗಳು ಎಲ್ಲೆಂದರಲ್ಲಿ ಇಲ್ಲ, ಗೆರೆ ಎಳೆದಂತೆ ಸಾಲಾಗಿವೆ. ಆ ಗೆರೆಗಳು ಒಣ ಹಳ್ಳಗಳು. ಹಳ್ಳ ಎಂದರೆ ನಮ್ಮ ಹಳ್ಳದಷ್ಟು ಆಳವೂ ಇಲ್ಲ, ಕಣ್ಣಿಗೆ ಕಾಣದಷ್ಟು ಇಳಿಜಾರು. ಎಷ್ಟೋ ವರ್ಷಕ್ಕೊಮ್ಮೆ ಮಳೆ ಬಂದಾಗ ನೀರು ಅಲ್ಲಿಗೆ ಹರಿದು ಜಲ್ಲಿಯ ಕೆಳಗೆ ಇಳಿದು ಉಳಿಯುತ್ತದೆ. ನಮ್ಮ ರೈತರು ಬೋರ್‌ವೆಲ್‌ಗೆ ಜಾಗ ನೋಡುವ ಹಾಗೆ ಗಿಡ ಜಾಗ ನೋಡಿ ಕೂತಿದೆ. ಸರಿಯಾಗಿ ಹೇಳಬೇಕೆಂದರೆ, ಬೇರೆ ಕಡೆ ಹುಟ್ಟಿದವು ಉಳಿದಿಲ್ಲ.

ಹುಟ್ಟುವುದೂ ಸುಲಭವಿಲ್ಲ. ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೂವಿಲ್ಲ, ಪೈನ್ ಮರದಲ್ಲಿರುವಂಥ ಶಂಕುಗಳು. ನೀವು ಓದುವ ಅನಾವೃತಬೀಜ ಸಸ್ಯಗಳ ಗುಂಪು. ಪರಾಗ ಒಯ್ಯುವುದು ಹೆಚ್ಚಾಗಿ ನೊಣಗಳು. ಕೆಂಪು ಹಳದಿ ಬಣ್ಣದ ತಿಗಣೆಗಳು ಶಂಕುಗಳ ಮೇಲೆ ಓಡಾಡುತ್ತಿದ್ದವು. ಹತ್ತಿ ಬೆಳೆದವರಿಗೆ ಗೊತ್ತಿರುವ ಕೆಂಪು ತಿಗಣೆಯ ಕುಟುಂಬದ್ದೇ, ರಸ ಹೀರಲು ಬರುತ್ತದೆ. ಕಾಗದದಂಥ ರೆಕ್ಕೆಯ ಬೀಜ ಗಾಳಿಗೆ ಹಾರುತ್ತದೆ. ಅದರಲ್ಲಿ ಬಹಳಷ್ಟನ್ನು ಒಂದು ಕಪ್ಪು ಬೂಷ್ಟು ಕೆಡಿಸುತ್ತದೆ. ಆ ಬೂಷ್ಟಿನ ಹೆಸರು ಓದಿ ನಾನು ಬೆಚ್ಚಿದೆ, ಆಸ್ಪರ್ಜಿಲಸ್ ನೈಜರ್. ನಮ್ಮಪ್ಪನ ಶೇಂಗಾ ಹೊಲದಲ್ಲಿ ಎಳೆ ಸಸಿಗಳ ಬುಡ ಕೊಳೆಸುತ್ತಿದ್ದದ್ದು ಇದೇ. ಈರುಳ್ಳಿಯ ಸಿಪ್ಪೆಯ ಮೇಲೆ ಮಸಿಯಂತೆ ಕೂರುವುದೂ ಇದೇ. ಉಳಿದ ಬೀಜ ಮೊಳೆಯಬೇಕಾದರೆ ಕೆಲವು ದಿನ ಎಡೆಬಿಡದೆ ನೆಲ ತೇವವಾಗಿರಬೇಕು. ಅಂಥ ಮಳೆ ಆ ನಾಡಿಗೆ ಯಾವಾಗಲೋ ಒಮ್ಮೆ. ಹಾಗಾಗಿ ಒಂದು ಗುಂಪಿನ ಗಿಡಗಳು ಹೆಚ್ಚುಕಡಿಮೆ ಒಂದೇ ವಯಸ್ಸಿನವಾಗಿರುತ್ತವೆ, ಒಂದೇ ವರ್ಷ ಶಾಲೆಗೆ ಸೇರಿದವರ ಹಾಗೆ.

ಹೊರಗಿನ ವಿಜ್ಞಾನಿಗಳಿಗೆ ಇದು ಸಿಕ್ಕ ಕಥೆ ಚಿಕ್ಕದು. ಫ್ರೀಡ್ರಿಕ್ ವೆಲ್‌ವಿಟ್ಷ್ ಎಂಬ ಆಸ್ಟ್ರಿಯಾದ ಸಸ್ಯಶಾಸ್ತ್ರಜ್ಞ ಪೋರ್ಚುಗೀಸ್ ಸರ್ಕಾರಕ್ಕಾಗಿ ಅಂಗೋಲಾದಲ್ಲಿ ಸುತ್ತುತ್ತಿದ್ದವನು 1859ರಲ್ಲಿ ಕಾಬೊ ನೇಗ್ರೊ ಹತ್ತಿರ ಇದನ್ನು ನೋಡಿ, ಸುಡುವ ನೆಲದ ಮೇಲೆ ಮಂಡಿಯೂರಿ ಸುಮ್ಮನೆ ನೋಡುತ್ತಾ ಕೂತನಂತೆ. ಮುಟ್ಟಿದರೆ ಮಾಯವಾದೀತೆಂಬ ಅಳುಕು. ಲಂಡನ್ನಿನ ಕ್ಯೂ ಉದ್ಯಾನದ ಜೋಸೆಫ್ ಹೂಕರ್ ಅದಕ್ಕೆ ವೆಲ್‌ವಿಟ್ಷಿಯಾ ಮಿರಾಬಿಲಿಸ್ ಎಂದು ಹೆಸರಿಟ್ಟು, 1863ರಲ್ಲಿ ವಿವರವಾಗಿ ಪ್ರಕಟಿಸಿದರು. ಮಿರಾಬಿಲಿಸ್ ಎಂದರೆ ಅದ್ಭುತ. ವೆಲ್‌ವಿಟ್ಷ್‌ಗೆ ತನ್ನ ಹೆಸರಿಗಿಂತ ಅಲ್ಲಿಯ ಜನ ಕರೆಯುವ ‘ತುಂಬೊ’ ಎಂಬ ಹೆಸರು ಉಳಿಯಲಿ ಎಂದು ಇತ್ತು ಅನ್ನುವುದು ನನಗೆ ಅವನ ಬಗ್ಗೆ ಇಷ್ಟವಾದ ವಿಷಯ. ಹೆರೆರೊ ಜನ ಇದನ್ನು ‘ಒನ್ಯಾಂಗಾ’ ಎನ್ನುತ್ತಾರೆ, ಮರುಭೂಮಿಯ ಈರುಳ್ಳಿ ಎಂದು. ಹಿಂದೆ ಹಸಿವಿನ ಕಾಲದಲ್ಲಿ ಇದರ ತಿರುಳನ್ನು ಹಸಿಯಾಗಿ ಅಥವಾ ಬಿಸಿ ಬೂದಿಯಲ್ಲಿ ಸುಟ್ಟು ತಿನ್ನುತ್ತಿದ್ದರು. ಆಫ್ರಿಕಾನ್ಸ್ ಭಾಷೆಯ ಹೆಸರಿನ ಅರ್ಥ ಇನ್ನೂ ಚೆನ್ನಾಗಿದೆ: ಎರಡೆಲೆಯ ಸಾಯಲಾರದ್ದು.

ಈ ಗಿಡಕ್ಕೆ ತನ್ನ ಕುಟುಂಬದಲ್ಲಿ ತಾನೊಂದೇ. ದೂರದ ನೆಂಟರೆಂದರೆ ಎಫೆಡ್ರಾ ಮತ್ತು ನೀಟಮ್. ನೀಟಮ್ ಜಾತಿಯ ಒಂದು ದಪ್ಪ ಬಳ್ಳಿ ನಮ್ಮ ಪಶ್ಚಿಮ ಘಟ್ಟದ ಮಳೆಕಾಡಿನಲ್ಲಿ ಮರಗಳಿಗೆ ಹಬ್ಬಿಕೊಂಡಿದೆ. ಒಬ್ಬ ಅಣ್ಣ ಜಡಿಮಳೆಯಲ್ಲಿ, ಒಬ್ಬ ತಮ್ಮ ಮಳೆಯಿಲ್ಲದ ಬಯಲಲ್ಲಿ. ಇದರ ಹಳೆಯ ಸಂಬಂಧಿಕರ ಪಳೆಯುಳಿಕೆಗಳು ಸಿಕ್ಕಿರುವುದು ಅಟ್ಲಾಂಟಿಕ್‌ನ ಆಚೆ, ಬ್ರೆಜಿಲ್‌ನಲ್ಲಿ. ಹನ್ನೊಂದು ಕೋಟಿ ವರ್ಷಕ್ಕೂ ಹಳೆಯವು. ಆಗ ಆ ಎರಡು ಖಂಡಗಳು ಇನ್ನೂ ಪೂರ್ತಿ ಬೇರೆಯಾಗಿರಲಿಲ್ಲ.

ಸಾಫ್ಟ್‌ವೇರಿನವನಾಗಿ ಒಂದು ಮಾತು ಹೇಳದೆ ಬಿಟ್ಟರೆ ಸಮಿತಿಯವರು ಬೈಯುತ್ತಾರೆ. 2021ರಲ್ಲಿ ಇದರ ಜೀನೋಮ್, ಅಂದರೆ ವಂಶವಾಹಿಯ ಪೂರ್ತಿ ಬರಹ, ಓದಿ ಪ್ರಕಟಿಸಿದರು. ಸುಮಾರು 8.6 ಕೋಟಿ ವರ್ಷದ ಹಿಂದೆ ಆ ಬರಹ ಇಡಿಯಾಗಿ ಎರಡು ಪ್ರತಿಯಾಗಿದೆ. ಆಮೇಲೆ ತಮ್ಮನ್ನು ತಾವೇ ನಕಲು ಮಾಡಿಕೊಳ್ಳುವ ತುಣುಕುಗಳು ಅದರ ತುಂಬ ಸೇರಿಕೊಂಡಿವೆ. ನಾವು ಹಳೆಯ ಪ್ರೋಗ್ರಾಮಿನಲ್ಲಿ ಬೇಡದ ಸಾಲುಗಳನ್ನು ಅಳಿಸದೆ, ಕಂಪ್ಯೂಟರ್ ಓದದ ಹಾಗೆ ಗುರುತು ಹಾಕಿ ಬಿಡುತ್ತೇವೆ. ಗಿಡವೂ ಆ ತುಣುಕುಗಳಿಗೆ ರಾಸಾಯನಿಕ ಗುರುತು ಹಾಕಿ ಸುಮ್ಮನಿರಿಸಿದೆ. ಲೇಖನ ಓದುತ್ತಾ ನಾನು ನಮ್ಮ ಆಫೀಸಿನ ಇಪ್ಪತ್ತು ವರ್ಷದ ಕೋಡ್ ನೆನೆದು ನಕ್ಕೆ.

ಈಗ ನನಗೆ ಕಷ್ಟವೆನಿಸುವ ಭಾಗ. ಅದೇ ಬಯಲಿನ ಸುತ್ತ ಯುರೇನಿಯಂ ಇದೆ. ರೋಸಿಂಗ್ ಗಣಿ 1976ರಿಂದ ನಡೆಯುತ್ತಿದೆ. ಹುಸಾಬ್ ಗಣಿ ಈಚಿನದು, ಬಹಳ ದೊಡ್ಡದು, ಅದೂ ಉದ್ಯಾನದ ಸೀಮೆಯೊಳಗೇ. ಗಣಿ ಬೇಡವೇ ಬೇಡ ಎನ್ನಲು ನನಗೆ ಬಾಯಿ ಬರುವುದಿಲ್ಲ. ನನ್ನ ಗೆಳೆಯರ ತಮ್ಮ ಗಣಿಯ ಕೆಲಸದಿಂದಲೇ ಮನೆ ಕಟ್ಟಿದ್ದಾನೆ, ಆ ದೇಶಕ್ಕೆ ಬೇರೆ ಆದಾಯ ಕಡಿಮೆ. ಆದರೆ ರಸ್ತೆ, ಧೂಳು, ಪೈಪು ಹಾಕಿ ಆ ಸಣ್ಣ ಇಳಿಜಾರು ಸ್ವಲ್ಪ ತಿರುಗಿದರೆ ಸಾಕು, ಕೆಳಗಿನ ಸಾಲಿನ ಗಿಡಕ್ಕೆ ಬರಬೇಕಾದ ನೀರು ಬರುವುದಿಲ್ಲ. ಗಿಡವನ್ನು ಯಾರೂ ಮುಟ್ಟಿರುವುದಿಲ್ಲ, ಸುತ್ತ ಬೇಲಿಯೂ ಇರುತ್ತದೆ, ಆದರೂ ಅದು ಒಣಗುತ್ತದೆ. ಕಿತ್ತು ಬೇರೆ ಕಡೆ ನೆಡೋಣ ಎಂದರೆ ದೊಡ್ಡ ಗಿಡ ಬದುಕುವುದಿಲ್ಲ. ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಇದರ ವ್ಯಾಪಾರಕ್ಕೆ ಕಟ್ಟುಪಾಡಿದೆ, ಗಿಡ ಕದಿಯುವುದಕ್ಕೆ ಶಿಕ್ಷೆ ಇದೆ. ಇಳಿಜಾರು ಕದ್ದರೆ ಯಾವ ಸೆಕ್ಷನ್ ಹಾಕುತ್ತಾರೆ? ಅಂಗೋಲಾ ಕಡೆಯ ಗಿಡಗಳು ಚೆನ್ನಾಗಿ ಉಳಿದಿವೆ ಎನ್ನುತ್ತಾರೆ, ಕಾರಣ ಅಂತರ್ಯುದ್ಧದ ಕಾಲದಲ್ಲಿ ಹೂತ ನೆಲಬಾಂಬುಗಳ ಭಯಕ್ಕೆ ಗಿಡ ಕೀಳುವವರು ಕಾಲಿಡುವುದಿಲ್ಲವಂತೆ. ಇಂಥ ಕಾವಲಿಗೆ ಸಂತೋಷಪಡಬೇಕೋ ಬೇಡವೋ ತಿಳಿಯುವುದಿಲ್ಲ.

ವಿಂಡ್‌ಹುಕ್‌ಗೆ ವಾಪಸು ಬರುವಾಗ ನಾನು ಗೆಳೆಯರಿಗೆ, “ಅಷ್ಟು ಖಾಲಿ ಜಾಗದಲ್ಲಿ ಇಂಥದ್ದೊಂದು ಇದೆಯಲ್ಲ” ಎಂದೆ. ಅವರು ತಕ್ಷಣ ಏನೂ ಹೇಳಲಿಲ್ಲ. ಸ್ವಲ್ಪ ದೂರ ಹೋದ ಮೇಲೆ, “ಅದು ಖಾಲಿ ಜಾಗ ಅಲ್ಲ, ನೀವು ನಿಧಾನವಾಗಿ ನೋಡಲಿಲ್ಲ” ಎಂದರು. ನನಗೆ ನಮ್ಮ ಕಾವಲು ನೆನಪಾಯಿತು. ಚಿಕ್ಕವನಿದ್ದಾಗ ಅಜ್ಜನ ಜೊತೆ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಆ ಹುಲ್ಲುಗಾವಲನ್ನು ಬೆಂಗಳೂರಿನ ಸ್ನೇಹಿತರಿಗೆ ನಾನೇ ಎಷ್ಟು ಸಲ “ಏನೂ ಇಲ್ಲ, ಬರೀ ಬಯಲು” ಎಂದು ವರ್ಣಿಸಿದ್ದೇನೆ. ಅಜ್ಜನಿಗೆ ಅದರಲ್ಲಿ ಹತ್ತಾರು ಹುಲ್ಲಿನ ಹೆಸರು ಗೊತ್ತಿತ್ತು. ನನಗೆ ಎರಡು ಗೊತ್ತು.

ಮೇಷ್ಟ್ರೇ, ತಾವು ಮುಂದಿನ ಸಾಲಿನಲ್ಲೇ ಕೂತಿದ್ದೀರಿ. ಉತ್ತರ ತರುವುದು ತಡವಾಯಿತು. ಬೀಜ ತಂದು ತಮ್ಮ ಕೈಗಿಡಬೇಕೆಂದು ಆಸೆಯಿತ್ತು, ಕಾನೂನು ಬಿಡುವುದಿಲ್ಲ, ಬಿಡಲೂಬಾರದು. ಮೂರು ಫೋಟೋ ದೊಡ್ಡದಾಗಿ ಮಾಡಿಸಿ, ಕಟ್ಟು ಹಾಕಿಸಿ ವಿಜ್ಞಾನ ಪ್ರಯೋಗಾಲಯದಲ್ಲಿ ಇಟ್ಟಿದ್ದೇನೆ. ಊಟಕ್ಕೆ ಹೋಗುವ ಮೊದಲು ಮಕ್ಕಳು ನೋಡಿ. ಮೊದಲನೆಯದು ಮಂಜು, ಎರಡನೆಯದು ಗಾಡಿಯ ಜಾಡು. ಮೂರನೆಯದರಲ್ಲಿ ಗಿಡ ಇದೆ, ದೂರದಿಂದ ತೆಗೆದದ್ದು, ಕೆಳಗಿನ ಮೂಲೆಯಲ್ಲಿ ನನ್ನ ಬೂಟಿನ ಗುರುತೂ ಬಂದಿದೆ. ಅದರ ಒಂದು ಎಲೆ ಕಣ್ಣಳತೆಯಲ್ಲಿ ಆರು ಅಡಿ ಇತ್ತು. ವರ್ಷಕ್ಕೆ ಹನ್ನೆರಡು ಸೆಂಟಿಮೀಟರ್ ಎಂದು ಹಿಡಿದು ಲೆಕ್ಕ ಹಾಕಿ. ಆ ಬೂದು ಬಣ್ಣದ ಒಣಗಿದ ತುದಿ ಬುಡದಿಂದ ಹೊರಗೆ ಬಂದದ್ದು 2003ರ ಸುಮಾರಿಗೆ, ತಾವು ನನ್ನ ಉತ್ತರ ಪತ್ರಿಕೆಯ ಮೇಲೆ ‘ಯಾವ ಮರುಭೂಮಿ?’ ಎಂದು ಬರೆದ ವರ್ಷ. ಇಷ್ಟು ಹೊತ್ತಿಗೆ ಆ ತುದಿ ಉದುರಿಹೋಗಿರುತ್ತದೆ.

ಅರ್ಧ ಅಂಕದ ವಿಷಯ ತಮಗೆ ಬಿಟ್ಟಿದ್ದೇನೆ.